ಅಚ್ಚಿಗೆ ಮೊದಲು ಓದುಗ

ಕತೆ, ಕವಿತೆ, ಕಾದಂಬರಿಯಲ್ಲದ ಕನ್ನಡ ಪುಸ್ತಕವೊಂದನ್ನು ಸ್ವಂತ ಖರ್ಚಿನಲ್ಲಿ ತರುತ್ತೇನೆಂದು ಹೊರಟವರಿಗೆ ಸಿಗುವ ಬುದ್ಧಿಮಾತು ಎಲ್ಲೆಡೆ ಒಂದೇ. ಮುನ್ನೂರು ಪ್ರತಿ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಹೋಗುತ್ತದೆ, ಒಂದಷ್ಟು ಬಿಡುಗಡೆಯ ದಿನ ಖರ್ಚಾಗುತ್ತದೆ, ಉಳಿದದ್ದನ್ನು ಬಂಧುಬಳಗಕ್ಕೆ ಹಂಚಿದರಾಯಿತು. ಈ ಲೆಕ್ಕದಲ್ಲಿ ಸರಕಾರವಿದೆ, ಸಭೆಯಿದೆ, ನೆಂಟರಿದ್ದಾರೆ. ಓದುಗ ಮಾತ್ರ ಇಲ್ಲ. ಆಯ್ಕೆ ಸಮಿತಿ ಆರಿಸದಿದ್ದರೆ, ಆರಿಸಿಯೂ ಬಿಲ್ಲು ವರ್ಷಗಟ್ಟಲೆ ಪಾಸಾಗದಿದ್ದರೆ, ಪುಸ್ತಕದ ಕಟ್ಟುಗಳು ಮಂಚದ ಕೆಳಗೆ ಕೂರುತ್ತವೆ. ಆಮೇಲೆ ಬರುವ ತೀರ್ಪು ಕೂಡ ಸಿದ್ಧವಾಗಿಯೇ ಇರುತ್ತದೆ: ಕನ್ನಡದಲ್ಲಿ ಓದುವವರೇ ಇಲ್ಲ.

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಕುಂಬಳೆಯ ಕಡೆಯವನಾದ ನಾನು ಉದ್ಯೋಗದ ನಿಮಿತ್ತ ಆಲುವಕ್ಕೆ ಬಂದು ಇಲ್ಲೇ ನೆಲೆಸಿದವನು. ಕೇರಳದ ಪೆರಿಯಾರ್ ದಡದ ಈ ಪಟ್ಟಣದಲ್ಲಿ ಕುಳಿತು ಕನ್ನಡದಲ್ಲಿ ಒಂದು ಪುಸ್ತಕ ಬರೆದೆ, ನಾನೇ ಅಚ್ಚು ಹಾಕಿಸಿದೆ, ನಾನೇ ಮಾರಿದೆ. ಕನ್ನಡ ಸುತ್ತಮುತ್ತ ಕೇಳಿಸದ ಜಾಗದಿಂದ ಮಾರಿದ್ದರಿಂದಲೇ, ಪುಸ್ತಕ ಓದುಗನ ಕೈ ಸೇರುವ ದಾರಿ ಹೇಗಿರುತ್ತದೆ ಎಂಬುದನ್ನು ಒಂದೊಂದು ಮೆಟ್ಟಿಲಾಗಿ ಕಾಣಬೇಕಾಯಿತು. ಮಲಯಾಳಿಗಳು ಆ ದಾರಿಯನ್ನು ಎಂಬತ್ತು ವರ್ಷಗಳ ಹಿಂದೆಯೇ ಕಟ್ಟಲು ತೊಡಗಿದರು ಎಂಬುದೂ ಆಗಲೇ ಮನದಟ್ಟಾಯಿತು.

ನನ್ನ ಪುಸ್ತಕ ಹೆಂಚಿನದು. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯಿಂದ ಹಿಡಿದು, ಅದೇ ಮಿಶನ್ ಕಲ್ಲಿಕೋಟೆಯಲ್ಲಿ, ಫರೋಕಿನಲ್ಲಿ ಕಟ್ಟಿದ ಕಾರ್ಖಾನೆಗಳವರೆಗೆ ಮಣ್ಣು ತುಳಿದವರ, ಒಲೆಗೆ ಕಟ್ಟಿಗೆ ಒಟ್ಟಿದವರ, ಪತ್ತೆಮಾರಿ ಹಾಯಿಹಡಗುಗಳಿಗೆ ಹೆಂಚು ಹೊತ್ತವರ ಬದುಕು ಅದರ ವಸ್ತು. ಬರೆಯುವಾಗಲೇ ನನಗೆ ಗೊತ್ತಿತ್ತು, ಈ ಪುಸ್ತಕದ ಓದುಗರು ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಸಿಗುವವರಲ್ಲ. ಅವರಿರುವುದು ಕಾರ್ಖಾನೆಗಳಲ್ಲಿ ದುಡಿದವರ ಮನೆಗಳಲ್ಲಿ, ಮಿಶನ್ ಕಾಲದ ಸಭೆಗಳ ಕುಟುಂಬಗಳಲ್ಲಿ, ಹಳೆ ಮನೆ ಉಳಿಸಿಕೊಳ್ಳಲು ಒದ್ದಾಡುತ್ತಿರುವ ಮನೆಯವರಲ್ಲಿ, ವಾಸ್ತುಶಿಲ್ಪ ಓದುತ್ತಿರುವ ಹುಡುಗ ಹುಡುಗಿಯರಲ್ಲಿ. ಕತೆಗಾರನಿಗೆ ಓದುಗರು ಯಾರೆಂದು ಮೊದಲೇ ತಿಳಿಯುವುದಿಲ್ಲ. ವಿಷಯದ ಪುಸ್ತಕ ಬರೆಯುವವನಿಗೆ ಆ ಕಷ್ಟವಿಲ್ಲ. ವಿಷಯವೇ ಓದುಗನ ವಿಳಾಸ ಹೇಳಿಬಿಡುತ್ತದೆ. ಜೇನು ಸಾಕಣೆಯ ಪುಸ್ತಕಕ್ಕೆ ಜೇನು ಸಹಕಾರಿ ಸಂಘವಿದೆ, ಅಡಿಕೆಯ ರೋಗದ ಪುಸ್ತಕಕ್ಕೆ ಅಡಿಕೆ ಮಂಡಿಯಿದೆ. ಇಷ್ಟು ದೊಡ್ಡ ಅನುಕೂಲವನ್ನು ನಾವು ಕೈಚೆಲ್ಲಿ, ವಾರದ ಪುರವಣಿಯಲ್ಲಿ ವಿಮರ್ಶೆ ಬರಲಿ ಎಂದು ಕಾಯುತ್ತೇವೆ.

ಕೇರಳದ ಮಾತಿಗೆ ಬರುತ್ತೇನೆ. 1945ರಲ್ಲಿ ಇಲ್ಲಿ ಎರಡು ಕೆಲಸಗಳು ಆದವು. ಕೊಟ್ಟಾಯಂನಲ್ಲಿ ಹನ್ನೆರಡು ಮಂದಿ ಬರಹಗಾರರು ಸೇರಿ 120 ರೂಪಾಯಿ ಬಂಡವಾಳದಲ್ಲಿ ಸಾಹಿತ್ಯ ಪ್ರವರ್ತಕ ಸಹಕಾರಿ ಸಂಘ ಕಟ್ಟಿದರು. ವಿಮರ್ಶಕ ಎಂ.ಪಿ. ಪಾಲ್ ಅಧ್ಯಕ್ಷರು, ಶಾಲಾ ಮಾಸ್ತರರಾಗಿದ್ದ ಕತೆಗಾರ ಕಾರೂರ್ ನೀಲಕಂಠ ಪಿಳ್ಳೆ ಕಾರ್ಯದರ್ಶಿ. ಮೊದಲ ಪುಸ್ತಕ ತಕಳಿ ಶಿವಶಂಕರ ಪಿಳ್ಳೆಯವರ ಕತೆಗಳದ್ದು. ಬರೆದವರಿಗೆ ನೂರಕ್ಕೆ ಮೂವತ್ತರಂತೆ ಗೌರವಧನ ಎಂಬ ನಿಯಮವನ್ನು ಆ ಸಂಘ ಜಾರಿಗೆ ತಂದಿತು. ಇವತ್ತಿಗೂ ಭಾರತದ ಹೆಚ್ಚಿನ ಪ್ರಕಾಶಕರು ಹತ್ತರ ಆಸುಪಾಸಿನಲ್ಲೇ ನಿಂತಿದ್ದಾರೆ ಎಂಬುದನ್ನು ನೆನೆದರೆ ಅದು ಎಂಥ ನಿಯಮವಾಗಿತ್ತು ಎಂದು ಗೊತ್ತಾಗುತ್ತದೆ. ಮುಂದೆ ನ್ಯಾಷನಲ್ ಬುಕ್ ಸ್ಟಾಲನ್ನೂ ಸೇರಿಸಿಕೊಂಡು ಮಾರಾಟದ ಮಳಿಗೆಗಳ ಜಾಲವನ್ನೂ ಸಂಘ ತನ್ನದಾಗಿಸಿಕೊಂಡಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಂಬಲಪುಳದಲ್ಲಿ ಇನ್ನೊಬ್ಬ ಮಾಸ್ತರರು, ಪಿ.ಎನ್. ಪಣಿಕ್ಕರ್, ತಿರುವಿದಾಂಕೂರಿನ 47 ವಾಚನಾಲಯಗಳನ್ನು ಒಟ್ಟು ಸೇರಿಸಿ ಗ್ರಂಥಶಾಲಾ ಸಂಘ ಶುರುಮಾಡಿದರು. ಒಂದು ಕಡೆ ಬರೆಯುವವರು ಸಂಘಟಿತರಾದರು, ಇನ್ನೊಂದು ಕಡೆ ಓದುವವರು. ಬರೆಯುವವರು ಪುಸ್ತಕ ಮಾಡಿದರು, ಓದುವವರು ಕೊಂಡರು. ಕೇರಳದ ಪುಸ್ತಕ ಲೋಕದ ಬಗ್ಗೆ ಹೊರಗಿನವರು ಸಾಕ್ಷರತೆಯೊಂದನ್ನೇ ಹಿಡಿದು ಮಾತನಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಸಾಕ್ಷರತೆಯಷ್ಟೇ ದೊಡ್ಡ ಕಾರಣ ಈ ಜೋಡಿ ಸಂಘಟನೆ.

ಪಣಿಕ್ಕರರು ಬಿತ್ತಿದ್ದು ಇಂದು ಕೇರಳ ರಾಜ್ಯ ಗ್ರಂಥಾಲಯ ಕೌನ್ಸಿಲ್ಲಿನ ಅಡಿಯಲ್ಲಿ 8,000ಕ್ಕೂ ಹೆಚ್ಚು ವಾಚನಾಲಯಗಳಾಗಿವೆ. ಇವು ಸರಕಾರಿ ಕಚೇರಿಗಳಲ್ಲ. ಊರವರು ಕಟ್ಟಿದ, ಊರವರೇ ಸಮಿತಿ ಆರಿಸಿ ನಡೆಸುವ ಸಂಸ್ಥೆಗಳು. ಕೌನ್ಸಿಲ್ ಇವಕ್ಕೆ ದರ್ಜೆ ಕೊಟ್ಟು, ಅದರ ಪ್ರಕಾರ ಪುಸ್ತಕ ಕೊಳ್ಳಲು ವರ್ಷಕ್ಕಿಷ್ಟು ಎಂದು ಅನುದಾನ ಕೊಡುತ್ತದೆ. ಯಾವ ಪುಸ್ತಕ ಬೇಕು ಎಂಬುದನ್ನು ತೀರ್ಮಾನಿಸುವುದು ವಾಚನಾಲಯದ ಸಮಿತಿ.

ಇದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ನಮ್ಮ ಮನೆಯ ಬಳಿಯ ವಾಚನಾಲಯದಲ್ಲಿ ಪತ್ರಿಕೆ ಹರಡಿದ ಮೇಜಿನ ಮೂಲೆಗೆ ಒಂದು ಉದ್ದ ನೋಟುಪುಸ್ತಕವನ್ನು ದಾರದಿಂದ ಕಟ್ಟಿದ್ದಾರೆ. ಸದಸ್ಯರು ತಮಗೆ ಬೇಕಾದ ಪುಸ್ತಕದ ಹೆಸರನ್ನು ಅದರಲ್ಲಿ ಬರೆಯುತ್ತಾರೆ. ಜಿಲ್ಲಾ ಪುಸ್ತಕೋತ್ಸವ ಹತ್ತಿರ ಬಂದಾಗ ಕಾರ್ಯದರ್ಶಿಗಳು, ನಿವೃತ್ತ ಅಧ್ಯಾಪಕರಾದ ಅವರನ್ನು ಎಲ್ಲರೂ ಮಾಷ್ ಎಂದೇ ಕರೆಯುವುದು, ಆ ಹೆಸರುಗಳನ್ನು ಒಂದು ಹಾಳೆಗೆ ಇಳಿಸಿಕೊಳ್ಳುತ್ತಾರೆ. ನಾಲ್ಕೈದು ಮಂದಿ ಸಮಿತಿಯವರು ಜೀಪು ಮಾಡಿಕೊಂಡು ಹೋಗಿ ಮಳಿಗೆಯಿಂದ ಮಳಿಗೆಗೆ ನಡೆದು, ಪುಟ ತಿರುವಿ, ರಿಯಾಯಿತಿಗೆ ಚೌಕಾಸಿ ಮಾಡಿ ಕೊಳ್ಳುತ್ತಾರೆ. ರಟ್ಟಿನ ಪೆಟ್ಟಿಗೆಗಳ ಮೇಲೆ ವಾಚನಾಲಯದ ಹೆಸರು ಬರೆದು ಹಗ್ಗ ಬಿಗಿಯುತ್ತಾರೆ. ಒಮ್ಮೆ ಅವರ ಜೊತೆ ಹೋಗಿದ್ದೆ. ಪುಸ್ತಕವನ್ನು ತಾವೇ ಬರೆದು ತಾವೇ ಅಚ್ಚು ಹಾಕಿಸಿದ ಒಬ್ಬ ಮಹಿಳೆ ಮೂಲೆಯ ಮೇಜಿನ ಹಿಂದೆ ನಿಂತಿದ್ದರು. ಹಿತ್ತಿಲ ಮದ್ದಿನ ಗಿಡಗಳ ಪುಸ್ತಕ. ಮಾಷ್ ಅದರ ಕೊನೆಯ ಪುಟಗಳನ್ನು ತೆರೆದು, ಗಿಡಗಳ ಹೆಸರಿನ ಪಟ್ಟಿ ಇದೆಯೇ ಎಂದು ನೋಡಿದರು. ಇತ್ತು. ಎರಡು ಪ್ರತಿ ತೆಗೆದುಕೊಂಡರು. ಆ ಲೇಖಕಿ ಯಾವ ಆಯ್ಕೆ ಸಮಿತಿಯ ಬಾಗಿಲನ್ನೂ ತಟ್ಟಬೇಕಾಗಲಿಲ್ಲ. ಇನ್ನೊಂದು ವಾಚನಾಲಯದವರು ಬೇಡ ಎಂದರೂ ಅದರ ಪಕ್ಕದವರು ಬೇಕು ಎನ್ನಬಹುದು. ಸಾವಿರ ಬಾಗಿಲುಗಳಿರುವ ಮಾರುಕಟ್ಟೆಗೂ ಒಂದೇ ಬಾಗಿಲಿರುವ ಮಾರುಕಟ್ಟೆಗೂ ಇರುವ ವ್ಯತ್ಯಾಸ ಇದು.

ಮಂಜೇಶ್ವರ, ಕಾಸರಗೋಡು ಕಡೆಯ ಕನ್ನಡ ವಾಚನಾಲಯಗಳೂ ಇದೇ ಕೌನ್ಸಿಲ್ಲಿಗೆ ಸೇರಿದವು. ನನ್ನ ಹೆಂಚಿನ ಪುಸ್ತಕದ ಮೊದಲ ಕಟ್ಟು ಖಾಲಿಯಾದದ್ದು ಅಲ್ಲಿ. ಕೇರಳ ಸರಕಾರದ ಅನುದಾನದಲ್ಲಿ ಕನ್ನಡ ಪುಸ್ತಕ ಮಾರಾಟವಾಯಿತು. ಕರ್ನಾಟಕದಲ್ಲಿ ಅದೇ ಪುಸ್ತಕ ಅರ್ಜಿ ನಮೂನೆಗಳ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಗಡಿನಾಡಿನವನಾದ ನನಗೆ ಇದು ನೋವಿನ ಸಂಗತಿ.

ಕೇರಳದಲ್ಲಿ ವಿಷಯ ಸಾಹಿತ್ಯವನ್ನು ಜನರ ಬಳಿಗೆ ಒಯ್ದ ಕೀರ್ತಿ ಎಲ್ಲಕ್ಕಿಂತ ಹೆಚ್ಚಾಗಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿಗೆ ಸಲ್ಲಬೇಕು. 1962ರಲ್ಲಿ ಕಲ್ಲಿಕೋಟೆಯಲ್ಲಿ ಇದು ಹುಟ್ಟಿದ್ದು ವಿಜ್ಞಾನ ಬರಹಗಾರರ ಒಂದು ಸಣ್ಣ ಕೂಟವಾಗಿ. ಮಲಯಾಳಂನಲ್ಲಿ ವಿಜ್ಞಾನ ಬರೆಯಬೇಕು ಎಂದು ಹೊರಟವರಿಗೆ, ಬರೆದರೆ ಸಾಲದು, ತಲುಪಿಸಬೇಕು ಎಂಬುದು ಬೇಗ ಅರ್ಥವಾಯಿತು. ಮಕ್ಕಳಿಗೆ ‘ಯುರೇಕಾ’, ದೊಡ್ಡವರಿಗೆ ‘ಶಾಸ್ತ್ರಗತಿ’ ಎಂದು ಪತ್ರಿಕೆಗಳನ್ನು ತಂದರು. 1980ರಿಂದ ಕಲಾಜಾಥಾ ಹೊರಡಿಸಿದರು. ಹಾಡು, ಬೀದಿ ನಾಟಕ ಮುಗಿದ ಮೇಲೆ ಕಲಾವಿದರೇ ಪುಸ್ತಕದ ಚೀಲ ಹಿಡಿದು ಜನರ ನಡುವೆ ಬರುತ್ತಿದ್ದರು. ಜಾಥಾ ಬರಮಾಡಿಕೊಳ್ಳುವ ಊರಿನವರು ದೇಣಿಗೆ ಕೊಡಬೇಕಾಗಿರಲಿಲ್ಲ, ಬದಲಿಗೆ ಇಷ್ಟು ಪುಸ್ತಕ ಕೊಂಡು ಊರಲ್ಲಿ ಮಾರಬೇಕಿತ್ತು. ಪರಿಷತ್ತಿನ ಕೆಲಸ ನಡೆದದ್ದೇ ಈ ಹಣದಿಂದ. 1996ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ಲೋಕ ಇವರನ್ನು ಪರಿಸರ, ಸಾಕ್ಷರತೆಯ ಹೋರಾಟಗಾರರೆಂದು ಗುರುತಿಸಿತು. ಅವರು ಈ ದೇಶ ಕಂಡ ಬಹಳ ಸಮರ್ಥ ಪುಸ್ತಕ ಮಾರಾಟಗಾರರೂ ಹೌದು ಎಂಬುದನ್ನು ನಾನು ಅಷ್ಟೇ ಗೌರವದಿಂದ ಹೇಳುತ್ತೇನೆ.

ತಿರುವನಂತಪುರದ ಕೇರಳ ಭಾಷಾ ಇನ್‌ಸ್ಟಿಟ್ಯೂಟ್ 1968ರಲ್ಲಿ ಎನ್.ವಿ. ಕೃಷ್ಣ ವಾರಿಯರ್ ಅವರ ಮುಂದಾಳ್ತನದಲ್ಲಿ ಶುರುವಾಗಿ ಶಾಸ್ತ್ರವಿಷಯಗಳನ್ನು ಮಲಯಾಳಂಗೆ ತಂದಿತು. ಆಲುವದ ಯೂನಿಯನ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕುಟ್ಟಿಪ್ಪುಳ ಕೃಷ್ಣಪಿಳ್ಳೆಯವರು ವಿಚಾರ ಗದ್ಯದಿಂದಲೇ ನಾಡಿನ ಮನ್ನಣೆ ಪಡೆದರು. ಬರೆದದ್ದನ್ನು ತಾವೇ ಮಾರುವುದು ಇಲ್ಲಿ ಕೀಳು ಎನಿಸಿಕೊಂಡಿರಲಿಲ್ಲ. ವೈಕಂ ಮುಹಮ್ಮದ್ ಬಷೀರರು ತಮ್ಮ ಪುಸ್ತಕಗಳನ್ನು ಹೊತ್ತು ತಿರುಗಿ ಮಾರಿದವರು, ಎರ್ನಾಕುಳಂನಲ್ಲಿ ಪುಸ್ತಕದಂಗಡಿ ಇಟ್ಟವರು.

ನಮ್ಮಲ್ಲಿ ಇಂಥದ್ದು ಇರಲಿಲ್ಲವೇ ಎಂದರೆ ಧಾರಾಳವಾಗಿ ಇತ್ತು. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಅಲೆದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ನಿಂತಿತು. ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಮೂರು ಸಂಪುಟ, ಆಮೇಲೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಕುಳಿತು ಬರೆದರು. ಕುವೆಂಪು ಅವರ ಪುಸ್ತಕಗಳು ಮೈಸೂರಿನ ಅವರದೇ ಉದಯರವಿ ಪ್ರಕಾಶನದಿಂದ ಬಂದವು. ಸ್ವಂತ ಪ್ರಕಾಶನ ಎಂದರೆ ಬೇರೆ ಯಾರೂ ಹಾಕದ ಪುಸ್ತಕ ಎಂಬ ತಾತ್ಸಾರ ನಮ್ಮಲ್ಲಿ ಈಚಿನದು. ಬೇರೂರಿದ ಈ ತಾತ್ಸಾರಕ್ಕೆ ಸಗಟು ಖರೀದಿಯ ಆಸೆಗಾಗಿ ರಾತ್ರೋರಾತ್ರಿ ಹುಟ್ಟುವ ಪ್ರಕಾಶನಗಳೂ ಕಾರಣ. ಕೊಳ್ಳುವವನು ಒಬ್ಬನೇ ಆದಾಗ, ಅವನೂ ಪುಟದ ಲೆಕ್ಕದಲ್ಲಿ ದರ ಕಟ್ಟುವವನಾದಾಗ, ನಕ್ಷೆ, ಚಿತ್ರ, ಪದಸೂಚಿಗಳಿಗೆ ಪಟ್ಟ ಶ್ರಮಕ್ಕೆ ಬೆಲೆಯೇ ಉಳಿಯುವುದಿಲ್ಲ. ವಿಷಯದ ಪುಸ್ತಕಕ್ಕೆ ಬೇಕಾದದ್ದು ಅವೇ.

ಪದಸೂಚಿಯ ಬಗ್ಗೆ ಇನ್ನೂ ಎರಡು ಮಾತು ಹೇಳಬೇಕು. ಕನ್ನಡದ ಇತಿಹಾಸ, ವಿಜ್ಞಾನ, ಕೃಷಿ ಪುಸ್ತಕಗಳಲ್ಲಿ ಹೆಚ್ಚಿನವು ಅದಿಲ್ಲದೆಯೇ ಬರುತ್ತವೆ. ತನ್ನ ಅಜ್ಜ ದುಡಿದ ಕಾರ್ಖಾನೆಯ ಹೆಸರು ಹುಡುಕುವ ಓದುಗನಿಗೆ ಮುನ್ನೂರು ಪುಟ ತಿರುವು ಎನ್ನುವುದು ಸರಿಯಲ್ಲ. ನನ್ನ ಪುಸ್ತಕದ ಕೊನೆಯಲ್ಲಿ ಊರು, ಕಾರ್ಖಾನೆ, ಕುಟುಂಬ, ಹೆಂಚಿನ ಬಗೆ ಎಲ್ಲಕ್ಕೂ ಪುಟಸಂಖ್ಯೆ ಹಾಕಿದೆ. ಪುಟವಿನ್ಯಾಸ ಮುಗಿದು ಪುಟಗಳು ಅಲುಗದಂತಾದ ಮೇಲೆ ಮಾತ್ರ ಮಾಡಲು ಬರುವ ಕೆಲಸವದು, ಬೇಸರದ ಕೆಲಸವೂ ಹೌದು. ಆದರೆ ಪುಸ್ತಕ ಕೈಗೆತ್ತಿಕೊಂಡವರು ಮೊದಲು ತೆರೆದದ್ದು ಅದನ್ನೇ. ತಮ್ಮ ಊರಿನ ಹೆಸರು ಸಿಕ್ಕಿದವರು ಪುಸ್ತಕ ಕೆಳಗಿಡಲಿಲ್ಲ. ಅಷ್ಟು ಒಳ್ಳೆಯ ಮಾರಾಟಗಾರ ನನಗೆ ಬೇರೆ ಸಿಗಲಿಲ್ಲ.

ಅಚ್ಚು ಆದದ್ದು ಕೊಚ್ಚಿಯ ಒಂದು ಆಫ್‌ಸೆಟ್ ಮುದ್ರಣಾಲಯದಲ್ಲಿ. ಅಲ್ಲಿ ಕನ್ನಡ ಓದಬಲ್ಲವರು ಯಾರೂ ಇಲ್ಲ. ಪಿಡಿಎಫ್ ಒಳಗೆ ಅಕ್ಷರಶೈಲಿ ಸರಿಯಾಗಿ ಸೇರಿಕೊಂಡಿರದ ಒಂದು ಫಾರಮಿನಲ್ಲಿ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದಿದ್ದವು. ಅದನ್ನು ಹಿಡಿದದ್ದು ಪ್ಲೇಟ್ ಮಾಡುವ ಯುವಕ. ನನ್ನ ಕೈಯ ಮಾದರಿ ಪ್ರತಿಯನ್ನೂ ಪ್ಲೇಟನ್ನೂ ಅಕ್ಕಪಕ್ಕ ಇಟ್ಟು, ಭೂತಗನ್ನಡಿ ಹಿಡಿದು, ಒಂದೊಂದು ಅಕ್ಷರದ ಆಕಾರವನ್ನು ಹೋಲಿಸುತ್ತಾ ಹೋದ. "ಚೇಟ್ಟಾ, ಇಲ್ಲಿ ಈ ಬಾಲ ಬೇಕಲ್ಲವೇ?" ಎಂದು ‘ಮಣ್ಣು’ ಎಂಬ ಪದದ ಮೇಲೆ ಬೆರಳಿಟ್ಟ. ತನಗೆ ಓದಲು ಬಾರದ ಭಾಷೆಯ ಪುಸ್ತಕಕ್ಕೆ ಆತ ತೋರಿದ ಆ ನಿಷ್ಠೆಗೆ ನಾನು ಮುನ್ನುಡಿಯಲ್ಲೇ ವಂದಿಸಿದ್ದೇನೆ.

ಹಣ ಕಟ್ಟಿಸಿಕೊಂಡು ಪುಸ್ತಕ ಮಾಡಿಕೊಡುವ ಏಜೆನ್ಸಿಗಳ ಬಗ್ಗೆ ಹೊಸಬರು ಎಚ್ಚರವಾಗಿರಬೇಕು. ಕೇರಳದಲ್ಲೂ ಇವೆ, ಬೆಂಗಳೂರಿನಲ್ಲೂ ಇವೆ. ಐಎಸ್‌ಬಿಎನ್ ಸಂಖ್ಯೆಗೆಂದು ಕೆಲವರು ಪ್ರತ್ಯೇಕ ಶುಲ್ಕ ಕೇಳುತ್ತಾರೆ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಯಾರಿಗೇ ಆದರೂ ಉಚಿತವಾಗಿ ಕೊಡುತ್ತದೆ. ಅರ್ಜಿಯನ್ನು ನಾವೇ ಹಾಕಬಹುದು. ವಿತರಕರಿಗೆ ಪುಸ್ತಕ ಕೊಡುವಾಗ ಲಿಖಿತ ಕರಾರು ಇರಲಿ. ಒಬ್ಬ ವಿತರಕರಿಂದ ನನಗೆ ಬರಬೇಕಾದ ಹಣ ಇನ್ನೂ ಬಂದಿಲ್ಲ.

ಅಂಚೆಯದು ಇನ್ನೊಂದು ಕತೆ. 2024ರ ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ಮುನ್ಸೂಚನೆಯಿಲ್ಲದೆ ನಿಲ್ಲಿಸಿದಾಗ ಸಣ್ಣ ಪ್ರಕಾಶಕರ ಬೆನ್ನೆಲುಬೇ ಮುರಿದಂತಾಗಿತ್ತು. 2025ರ ಮೇ 1ರಿಂದ ಬಂದ ಜ್ಞಾನ್ ಪೋಸ್ಟ್ ಸ್ವಲ್ಪ ಉಸಿರು ಕೊಟ್ಟಿದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ಪುಸ್ತಕವನ್ನು 300 ಗ್ರಾಮಿನ ಒಳಗೆ ನಿಲ್ಲಿಸಬಹುದೇ ಎಂದು ಕಾಗದ ಆರಿಸುವಾಗಲೇ ಲೆಕ್ಕ ಹಾಕುವುದು ಜಾಣತನ.

ನಾನು ಅಚ್ಚಿಗೆ ಕೊಡುವ ಮೊದಲೇ ಓದುಗರ ಪಟ್ಟಿ ಮಾಡಿದ್ದೆ. ಸಂದರ್ಶನಕ್ಕೆಂದು ಹೋದ ಪ್ರತಿ ಮನೆಯ ಹೆಸರು, ಅವರು ಹೇಳಿದ ನೆಂಟರ ಹೆಸರು, ಮುಂಬಯಿಗೆ, ಕೊಲ್ಲಿ ನಾಡುಗಳಿಗೆ ಹೋದ ಮಕ್ಕಳ ಹೆಸರು. ಮುಂಗಡ ಕೊಟ್ಟವರಿಗೆ ಕಡಿಮೆ ಬೆಲೆ ಎಂದು ವಾಟ್ಸ್‌ಆ್ಯಪಿನಲ್ಲಿ ಒಂದು ಅಧ್ಯಾಯವನ್ನೇ ಕಳಿಸಿದೆ. ಮುದ್ರಣದ ಖರ್ಚಿನ ದೊಡ್ಡ ಪಾಲು ಅಲ್ಲೇ ಹುಟ್ಟಿತು. ಬಿಡುಗಡೆಯ ಸಭೆಯನ್ನು ಮಂಗಳೂರಿನ ಸಭಾಂಗಣದಲ್ಲಿ ಮಾಡದೆ, ಮುಚ್ಚಿಹೋದ ಒಂದು ಕಾರ್ಖಾನೆಯ ಹಿಂದಿನ ಕಾಲೊನಿಯಲ್ಲಿ ಮಾಡಿದೆವು. ವೇದಿಕೆಯ ಮೇಲೆ ಕುಳಿತವರು ಅಲ್ಲಿ ಅಚ್ಚೊತ್ತುವ ಯಂತ್ರದ ಮುಂದೆ ಆಯುಸ್ಸು ಸವೆಸಿದ ಹಿರಿಯಮ್ಮಂದಿರು. ಅವರ ಮೊಮ್ಮಕ್ಕಳು ಪುಸ್ತಕ ಕೊಂಡರು, ಅಜ್ಜಿಯ ಕೈಯಲ್ಲಿ ರುಜು ಹಾಕಿಸಿಕೊಂಡರು.

ಒಬ್ಬ ಲೇಖಕ ಇಷ್ಟು ಮಾಡಬಹುದು. ಎಲ್ಲ ಲೇಖಕರೂ ಇಷ್ಟು ಮಾಡಬೇಕು ಎನ್ನುವುದು ನ್ಯಾಯವಲ್ಲ. ಆರೋಗ್ಯ ಕೈಕೊಟ್ಟವರು, ದಿನಗೂಲಿಯ ನಡುವೆ ಬರೆಯುವವರು, ಮನೆ ಬಿಟ್ಟು ಹೊರಡಲಾಗದ ಹೆಣ್ಣುಮಕ್ಕಳು ಪುಸ್ತಕದ ಚೀಲ ಹೊತ್ತು ತಿರುಗಲಾರರು. ಅವರಿಗಾಗಿಯೇ ವ್ಯವಸ್ಥೆ ಬೇಕಾಗಿರುವುದು. ಕೇರಳದಲ್ಲಿ 2023ರಿಂದ ವಿಧಾನಸಭೆಯ ಆವರಣದಲ್ಲೇ ಅಂತಾರಾಷ್ಟ್ರೀಯ ಪುಸ್ತಕೋತ್ಸವ ನಡೆಯುತ್ತಿದೆ. ಶಾಸಕರು ತಮ್ಮ ನಿಧಿಯಿಂದ ಕ್ಷೇತ್ರದ ಗ್ರಂಥಾಲಯಗಳಿಗೆ ಅಲ್ಲಿಂದ ಪುಸ್ತಕ ಕೊಡಿಸುತ್ತಾರೆ. ಬೆಂಗಳೂರಿನಲ್ಲಿ ವಿಧಾನಸೌಧದ ಆವರಣದಲ್ಲೂ ಈಗ ಪುಸ್ತಕ ಮೇಳ ನಡೆದಿದೆ, ಸಂತೋಷ. ಅದಕ್ಕಿಂತ ಮುಖ್ಯವಾದ ಕೆಲಸ ಹಳ್ಳಿಗಳಲ್ಲಿ ಬಾಕಿ ಇದೆ.

ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಇವೆ. ಕಟ್ಟಡವಿದೆ, ಮೇಲ್ವಿಚಾರಕರಿದ್ದಾರೆ, ಹಲವೆಡೆ ಕಂಪ್ಯೂಟರೂ ಬಂದಿದೆ. ಇವಕ್ಕೆ ಪುಸ್ತಕ ಆರಿಸುವ ಅಧಿಕಾರ ಕೊಡಿ. ಇಡೀ ಖರೀದಿಯನ್ನು ಒಮ್ಮೆಲೇ ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಪ್ರತಿ ಕೇಂದ್ರಕ್ಕೂ ವರ್ಷಕ್ಕೆ ಹತ್ತು ಸಾವಿರ ರೂಪಾಯಿ, ಅದನ್ನು ಓದುಗರ ಸಮಿತಿ ತಾಲ್ಲೂಕು ಪುಸ್ತಕ ಮೇಳದಲ್ಲಿ ತಾನೇ ಖರ್ಚು ಮಾಡಲಿ, ಬಿಲ್ಲಿನ ಹಣ ಅಲ್ಲೇ ಖಾತೆಗೆ ಬೀಳಲಿ. ಐದು ಸಾವಿರ ಕೇಂದ್ರಗಳಿಗೆ ಐದು ಕೋಟಿ ರೂಪಾಯಿ. ಜನ ಕಟ್ಟುವ ಗ್ರಂಥಾಲಯ ಕರದ ಮುಂದೆ ಇದು ದೊಡ್ಡ ಮೊತ್ತವಲ್ಲ. ಬಯಲುಸೀಮೆಯ ಕೆರೆಗಳ ಬಗ್ಗೆ ಬರೆದವರ ಪುಸ್ತಕವನ್ನು ಬಯಲುಸೀಮೆಯ ಕೇಂದ್ರಗಳು ಕೊಳ್ಳಲಿ, ಕರಾವಳಿಯ ಮೀನುಗಾರಿಕೆಯದ್ದನ್ನು ಕರಾವಳಿಯವು.

ಜೊತೆಗೆ ಲೇಖಕರ ಸಹಕಾರಿ ಸಂಘವೊಂದು ಜಿಲ್ಲೆಗೊಂದರಂತೆ ಬೇಕು. ಹಾಲಿಗೆ, ಅಡಿಕೆಗೆ, ಕೃಷಿ ಸಾಲಕ್ಕೆ ಸಹಕಾರಿ ಸಂಘ ಕಟ್ಟಿ ಗೆದ್ದ ನಾಡು ನಮ್ಮದು. ಸಾವಿರ ಪ್ರತಿ ಇಡಲು ಗೋದಾಮು, ಬಿಲ್ಲು ಬರೆಯಲು ಒಬ್ಬರು, ಮೇಳಗಳಿಗೆ ಹಂಚಿಕೊಂಡ ಒಂದು ಮಳಿಗೆ, ಪದಸೂಚಿಯನ್ನೂ ಕರಡನ್ನೂ ನೋಡಬಲ್ಲ ಒಬ್ಬ ಸಂಪಾದಕ. ನನ್ನ ಎರಡನೆಯ ಪುಸ್ತಕ ಹೆಂಚು ಹೊದಿಸಿದ ಶಾಲೆಗಳದ್ದು, ಕರಡು ಮುಗಿಯುತ್ತಾ ಬಂದಿದೆ. ಕಾಸರಗೋಡಿನಲ್ಲಿ ಸ್ವಂತ ಖರ್ಚಿನಲ್ಲಿ ಪುಸ್ತಕ ತಂದವರು ಕೆಲವರು ಈ ಮಳೆಗಾಲದಲ್ಲಿ ಒಟ್ಟಿಗೆ ಕುಳಿತು ಇಂಥ ಸಂಘದ ಬೈಲಾ ಬರೆಯಲು ತೊಡಗಿದ್ದೇವೆ. ಗೌರವಧನದ ಕಲಮಿನಲ್ಲಿ ನೂರಕ್ಕೆ ಮೂವತ್ತು ಎಂದೇ ಹಾಕಿದ್ದೇವೆ.